ಬಿಲ್ಲೆಯ ಹಿಂದಿನ ಚೌಕಳಿ

ಇಲ್ಲ ಕಣೇ ಮಹತಿ, ಈ ನಡುಕ ಜ್ವರದ್ದಲ್ಲ, ಹಣೆ ಮುಟ್ಟಿ ನೋಡೋದು ಬಿಡು. ಫೋನು ಇಲ್ಲಿ ದಿಂಬಿನ ಮೇಲಿಡು. ರೆಕಾರ್ಡಿಂಗ್ ಕೆಂಪು ಚುಕ್ಕೆ ಬಂತಾ? ಬಂದಿದ್ರೆ ಸರಿ, ನಾನು ಹೇಳ್ತಾ ಹೋಗ್ತೀನಿ, ನೀನು ಆಮೇಲೆ ಬರ್ಕೋ. ಯಾರಾದ್ರೂ ಒಬ್ರ ಕಥೆ ಹೇಳಜ್ಜಿ, ಮೈಸೂರಿನವರು ಬೇಡ, ಇಲ್ಲಿಯವರೇ ಆಗ್ಬೇಕು ಅಂತ ಪ್ರಾಣ ತಿಂತಿದ್ದೆ ತಾನೆ? ತಗೋ, ಈ ಟೆಕ್ಸಾಸಿನ ನಮ್ಮ ಇರ್ವಿಂಗ್‌ನವರೇ. ನಮ್ಮ ಹಿಂದಿನ ಬೀದಿ ಗುರುದತ್ತ ಡಾಕ್ಟ್ರು.

ಅವ್ರ ಕಣ್ಣು ಹೋಗ್ತಿದೆ ಕಣೇ. ಕಣ್ಣು ಹೋಗ್ತಿದ್ರೂ ಕಾರು ಓಡಿಸ್ತಿದ್ದಾರೆ. ನಿನ್ನೆ ಆ ಕಾರಲ್ಲಿ ನಾನಿದ್ದೆ.

ತಡಿ, ಬಾಯ್ ಮೇಲೆ ಕೈ ಇಟ್ಕೋಬೇಡ, ಮೊದ್ಲಿಂದ ಹೇಳ್ತೀನಿ. ಅವರು ಜನರನ್ನ ನಿದ್ದೆ ಮಾಡಿಸೋ ಡಾಕ್ಟ್ರು, ಆಪರೇಶನ್ನಿಗೆ ಮುಂಚೆ ಮತ್ತು ಬರ್ಸೋರು. ನಿಮ್ಮ ತಾತ ಶ್ರೀಪತಿ ಇದ್ದಾಗ, ‘ಗುರುದತ್ತ, ನೀನು ಆ ಚೌಕಳಿ ಬಟ್ಟೆ ಪುರಾಣ ಶುರು ಮಾಡಿದ್ರೆ ಸಾಕಲ್ಲೋ, ಇಂಜೆಕ್ಷನ್ ಯಾಕೆ ದಂಡ?’ ಅಂತ ಕಿಚಾಯಿಸೋರು. ಪಾಪ, ಇವರೂ ನಗೋರು. ಇಬ್ಬರೂ ಮೈಸೂರಲ್ಲಿ ಒಂದೇ ಹೋಟ್ಲಲ್ಲಿ ಸೆಟ್ ದೋಸೆ ತಿಂದು ಬೆಳೆದೋರಂತೆ, ಪರಿಚಯ ಆಗಿದ್ದು ಮಾತ್ರ ಇಲ್ಲಿ, ದೇವಸ್ಥಾನದ ಪಾರ್ಕಿಂಗಲ್ಲಿ. ಇರ್ಲಿ, ಎಲ್ಲಿಗೋ ಹೋದೆ.

ಮೈಸೂರಲ್ಲಿ ಡಾಕ್ಟರ್ ಓದಿ ಅವರು ಮೊದ್ಲು ಹೋಗಿದ್ದು ಸ್ಕಾಟ್ಲೆಂಡಿಗೆ, ಅಬರ್ಡೀನ್ ಅನ್ನೋ ಊರಿಗೆ. ಅಲ್ಲಿ ಒಬ್ಬ ಮುದುಕ, ಹಳೇ ಸಿಪಾಯಿ, ಆಪರೇಶನ್ನಿಗೆ ಬಂದಿದ್ನಂತೆ. ಮೈಯೆಲ್ಲಾ ಥರಥರ ನಡುಗ್ತಿದ್ನಂತೆ. ಮುಷ್ಟೀಲಿ ಏನೋ ಹಿಡ್ಕೊಂಡು ಬಿಡ್ಲೊಲ್ಲ. ನರ್ಸ್‌ಗಳು ಬೈದ್ರೂ ಬಿಡ್ಲಿಲ್ಲ. ಆಗ ನಮ್ಮ ಡಾಕ್ಟ್ರು, ‘ನನ್ನ ಜೇಬಲ್ಲಿ ಇಟ್ಕೋತೀನಿ ಯಜಮಾನ್ರೇ, ನೀವು ಎದ್ದ ಕೂಡ್ಲೆ ನಿಮ್ಮ ಕೈಗೇ ಕೊಡ್ತೀನಿ’ ಅಂದ್ರಂತೆ. ನೋಡಿದ್ರೆ ಅದು ಸಿಪಾಯಿ ಟೋಪಿಗೆ ಸಿಕ್ಕಿಸೋ ಬಿಲ್ಲೆ. ಲೋಹದ್ದು, ಜಿಂಕೆ ತಲೆ ಇರೋದು. ಅದರ ಹಿಂದೆ ಅಂಗೈಯಗಲದ ಒಂದು ಚೌಕಳಿ ಬಟ್ಟೆ ತುಂಡು. ಟಾರ್ಟನ್ ಅಂತಾರೆ ಅದಕ್ಕೆ. ಮುದುಕ ಎದ್ದ, ಬಿಲ್ಲೆ ಇಸ್ಕೊಂಡ, ‘ಡಾಕ್ಟರೇ, ಮುಂದಿನ ಲೋಹ ನೋಡಿ ಮೋಸ ಹೋಗ್ಬೇಡಿ, ಹಿಂದಿನ ಬಟ್ಟೆ ನೋಡಿ’ ಅಂದ್ನಂತೆ. ಅಷ್ಟೇ, ಹಿಡೀತು ನೋಡು ಹುಚ್ಚು.

ನಮ್ಮ ಕಣ್ಣಿಗೆ ಎಲ್ಲಾ ಒಂದೇ ಕಣೇ ಆ ಬಟ್ಟೆಗಳು. ಕಡು ನೀಲಿ, ಕಡು ಹಸಿರು. ಅದರೊಳಗೆ ಒಂದು ಎಳೆ ಹಳದಿ ಓಡಿದ್ರೆ ಗಾರ್ಡನ್ ಅಂತ ಒಂದು ಸಿಪಾಯಿ ಪಡೆಯದ್ದು. ಬಿಳಿ ಎಳೆ, ಕೆಂಪು ಎಳೆ ಓಡಿದ್ರೆ ಮೆಕೆಂಜಿ ಬಟ್ಟೆ, ಅದು ಸೀಫೋರ್ತ್ ಪಡೆಯೋರು ಹಾಕ್ತಿದ್ದಿದ್ದು. ನನಗೆ ಯಾಕೆ ಇದೆಲ್ಲಾ ಬಾಯಿಪಾಠ ಅಂದ್ರೆ, ಅವರ ಮನೇಲಿ ಕಾಫಿ ಕುಡೀಬೇಕಾದ್ರೆ ಇದನ್ನ ಕೇಳ್ಲೇಬೇಕು. ಹ್ಯೂಸ್ಟನ್ನಲ್ಲಿ ಕೆಲಸ ಮಾಡ್ಕೊಂಡಿದ್ದಷ್ಟು ವರ್ಷವೂ ಬಿಲ್ಲೆ ಕೂಡಿಟ್ರು, ರಿಟೈರ್ ಆಗಿ ಇಲ್ಲಿಗೆ ಶಿಫ್ಟ್ ಆದಾಗ ಪಾತ್ರೆ ಸಾಮಾನಿಗಿಂತ ಮುಂಚೆ ಅದೇ ಬಂತು. ಆಸ್ಟಿನ್ನಲ್ಲಿ ಚಳಿ ಶುರುವಾಗೋಕೆ ಮುಂಚೆ ಸ್ಕಾಟ್ಲೆಂಡಿನ ಜನ ಒಂದು ಕೂಟ ಮಾಡ್ತಾರೆ. ಅಲ್ಲಿ ಇವರಿಗೊಂದು ಮೇಜು. ಜನ ತಾತ ಮುತ್ತಾತಂದಿರ ಬಿಲ್ಲೆ ತಂದು ತೋರಿಸ್ತಾರೆ, ಇವರು ಬಟ್ಟೆ ನೋಡಿ ಇದು ಇಂಥಾ ಪಡೆ, ಈ ಬಟ್ಟೆ ಆಮೇಲೆ ಯಾರೋ ತುರುಕಿದ್ದು, ಇದು ಅಸಲು, ಅಂತ ಹೇಳ್ತಾರೆ. ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ಒಂದ್ಸಲ, ಅಷ್ಟು ದೂರದ ಪಂಕ್ತೀಲಿ ಯಾವುದೋ ಹುಡುಗಿ ಸ್ಕಾರ್ಫ್ ನೋಡಿ, ‘ಅದು ಲೆಸ್ಲಿ ಚೌಕಳಿ’ ಅಂದ್ರು. ಹೆಂಡ್ತಿ ಅಹಲ್ಯಾ, ‘ರೀ, ಪರರ ಮನೆ ಹೆಣ್ಮಕ್ಕಳ ಮೈಮೇಲಿನ ಬಟ್ಟೆ ನೋಡಿದ್ದು ಸಾಕು, ಎಲೆ ಮೇಲಿನ ಹುಳಿ ನೋಡಿ’ ಅಂದ್ಲು. ಅಂಥಾ ಕಣ್ಣು ಕಣೇ ಅದು.

ಈ ಸಲ ಆಯುಧಪೂಜೆ ದಿನ ಬೆಳಿಗ್ಗೆ ಅಹಲ್ಯಾ ಫೋನ್ ಮಾಡಿದ್ಲು. ‘ವಿಜಯಕ್ಕ, ಬೇಗ ಬನ್ನಿ. ನಾನು ಸತ್ತೆ.’

ನಾನು ಚಪ್ಪಲಿ ಅದಲು ಬದಲು ಹಾಕ್ಕೊಂಡು ಓಡ್ದೆ. ಹೋಗಿ ನೋಡಿದ್ರೆ ಅಡಿಗೆಮನೆ ಸಿಂಕ್ ಪಕ್ಕ ಬಿಲ್ಲೆಗಳೆಲ್ಲಾ ಸಾಲಾಗಿ ಥಳಥಳ ಅಂತಿವೆ. ಹಿತ್ತಾಳೆಯದ್ದಕ್ಕೆ ಹುಣಸೆಹಣ್ಣು, ಬೆಳ್ಳಿ ಬಣ್ಣದ್ದಕ್ಕೆ ವಿಭೂತಿ, ದೇವರ ಸಾಮಾನು ಉಜ್ಜೋ ಹಾಗೇ ಉಜ್ಜಿಬಿಟ್ಟಿದ್ದಾಳೆ! ಬಟ್ಟೆ ತುಂಡುಗಳನ್ನ ಬಿಚ್ಚಿ, ರೇಷ್ಮೆ ಸೀರೆ ನೆನೆಸಿದ ಹಾಗೆ ಅಂಟುವಾಳದ ನೀರಲ್ಲಿ ನೆನೆಸಿ, ಹಿಂಡಿ, ಟವೆಲ್ ಮೇಲೆ ಹರಡಿದ್ದಾಳೆ. ಯಾವ ಬಿಲ್ಲೆಗೆ ಯಾವ ಬಟ್ಟೆ ಅಂತ ಗುರುತೇ ಇಲ್ಲ.

‘ಅಯ್ಯೋ ನಿನ್ನ, ಇದನ್ನ ಮುಟ್ಟಬಾರದು ಅಂತ ಅವರು ಬಡ್ಕೋತಾರಲ್ಲೇ! ಆ ಹಳೇ ಮಂಕೇ ಅದಕ್ಕೆ ಶೋಭೆ ಅಂತ!’

‘ಕೆಮಿಕಲ್ ಹಾಕ್ಬೇಡ ಅಂದಿದ್ರು ಅಕ್ಕ. ವಿಭೂತಿ ಕೆಮಿಕಲ್ಲಾ? ಸ್ಟೆತಸ್ಕೋಪ್ ಜೊತೆ ಇವನ್ನೂ ಪೂಜೆಗಿಟ್ರೆ ಖುಷಿ ಪಡ್ತಾರೆ ಅಂದ್ಕೊಂಡೆ. ದೇವರ ಮುಂದೆ ಮಂಕು ಸಾಮಾನು ಇಡ್ತಾರಾ ಯಾರಾದ್ರೂ?’

ಡಾಕ್ಟ್ರು ವಾಕಿಂಗ್ ಹೋಗಿದ್ರು. ಮಗ ನಿಖಿಲ್ ಚಿಕ್ಕವನಿದ್ದಾಗ ಒಂದು ಬಿಲ್ಲೆಗೆ ಟೂತ್‌ಪೇಸ್ಟ್ ಹಚ್ಚಿದ್ದಕ್ಕೆ ಆ ಮನುಷ್ಯ ವಾರಗಟ್ಟಲೆ ಮಾತು ಬಿಟ್ಟಿದ್ರಂತೆ. ನಾನೇ ಉಪಾಯ ಹೇಳ್ದೆ. ದೀಪದ ಮಸಿ ಎಣ್ಣೇಲಿ ಕಲಸಿ ತೆಳ್ಳಗೆ ಬಳಿದ್ವಿ, ಥಳಥಳ ಹೋಯ್ತು. ಬಟ್ಟೆ ಇಸ್ತ್ರಿ ಮಾಡಿ ಒಂದೊಂದಾಗಿ ಹಿಂದಿಟ್ವಿ. ಉಳಿದವು ಹೇಗೋ ಹೊಂದಿದ್ವು, ಜಿಂಕೆ ತಲೆಯವು ಮಾತ್ರ ತಲೆನೋವಾಯ್ತು. ಒಂದು ಜಿಂಕೆ ಸುತ್ತ ಎಲೆ ಬಳ್ಳಿ ಇದೆ, ಇನ್ನೊಂದು ಬರೀ ಜಿಂಕೆ. ಹಳದಿ ಎಳೆ ಯಾವುದಕ್ಕೆ, ಬಿಳಿ ಕೆಂಪು ಯಾವುದಕ್ಕೆ? ‘ಬಳ್ಳಿ ಇರೋದು ಗಾರ್ಡನ್ ಅಲ್ವೇನೇ, ಹಳದಿ ಹಾಕು’ ಅಂತೀನಿ, ಅವಳು ‘ಇಲ್ಲ ಅಕ್ಕ, ನನಗೆ ಚೆನ್ನಾಗಿ ಗೊತ್ತು’ ಅಂತ ಉಲ್ಟಾ ಸಿಕ್ಕಿಸಿದ್ಲು. ಅಷ್ಟರಲ್ಲಿ ಬಾಗಿಲು ತೆಗೆದ ಸದ್ದಾಯ್ತು.

ಬಂದ್ರು. ಕಾಲು ತೊಳ್ಕೊಂಡು ದೇವರ ಮುಂದೆ ಕೂತ್ರು. ಕುಂಕುಮ ಇಟ್ಟ ಬಿಲ್ಲೆಗಳನ್ನ ನೋಡಿ ಮುಖ ಅರಳ್ತು. ಆ ಬಳ್ಳಿ ಇರೋದನ್ನ ಎತ್ಕೊಂಡ್ರು, ಹೆಬ್ಬೆಟ್ಟಲ್ಲಿ ಅಂಚು ಸವರಿದ್ರು.

‘ಗಾರ್ಡನ್’ ಅಂದ್ರು. ‘ವಿಜಯಮ್ಮನೋರೇ, ಈ ಹಳದಿ ಎಳೆ ನೋಡಿ. ಎಷ್ಟು ಸಣ್ಣಗೆ, ಎಷ್ಟು ಸ್ಪಷ್ಟವಾಗಿದೆ.’

ನಾನು ನೋಡ್ದೆ. ಹಳದಿ ಎಲ್ಲಿ ಬಂತು? ಬಿಳಿ, ಕೆಂಪು. ಕಿಟಕಿ ಪಕ್ಕ, ಒಳ್ಳೇ ಬಿಸಿಲಲ್ಲಿ.

ಮೊದ್ಲು ನನಗೆ ನಗು ಬಂತು ಕಣೇ, ಬದುಕ್ಕೊಂಡ್ವಿ ಅಂತ. ಅಹಲ್ಯಾ ಕಡೆ ತಿರುಗಿದೆ. ಕೋಸಂಬರಿ ಬಟ್ಟಲು ಹಿಡ್ಕೊಂಡು ನಿಂತಿದ್ಲು, ಚಮಚ ಬಟ್ಟಲಿಗೆ ಕಟಕಟ ತಾಗ್ತಿತ್ತು. ಅವಳ ಮುಖ ನೋಡಿ ನನ್ನ ನಗು ನಿಂತೋಯ್ತು. ಬೈಸ್ಕೊಳ್ಳೋ ಹೆದರಿಕೆ ಹೋಗಿ, ಅದಕ್ಕಿಂತ ದೊಡ್ಡದು ಬಂದು ಕೂತಿತ್ತು ಅಲ್ಲಿ.

ಅಡಿಗೆಮನೇಲಿ ಪಿಸಪಿಸ ಅಂತ ಹೇಳಿದ್ಲು. ಕಾಫಿ ಲೋಟದ ಪಕ್ಕಕ್ಕೆ ಬಗ್ಗಿಸ್ತಾರಂತೆ. ಕಾರಿನ ಬಲಗಡೆ ಉದ್ದಕ್ಕೆ ಗೀಚಿದೆ, ಕೇಳಿದ್ರೆ ಅಂಗಡಿ ಮುಂದೆ ಯಾರೋ ತಾಗಿಸಿದ್ರು ಅಂತಾರಂತೆ. ‘ವಯಸ್ಸಾಯ್ತು ಅಂದ್ಕೊಂಡೆ ಅಕ್ಕ. ನಿಜ ಹೇಳ್ತೀನಿ, ಹಾಗೇ ಅಂದ್ಕೊಂಡು ಇದ್ದುಬಿಡೋಣ ಅನ್ನಿಸ್ತಿತ್ತು. ಆದ್ರೆ ಬಟ್ಟೇಲಿ ಇವರು ತಪ್ಪು ಮಾಡಲ್ಲ. ನನ್ನ ಹೆಸರು ಮರೆತ್ರೂ ಅದನ್ನ ಮರೆಯಲ್ಲ.’

ನಿಖಿಲ್‌ಗೆ ಫೋನ್ ಹಚ್ಚಿದ್ಲು. ಅವನಿರೋದು ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸಲ್ಲಿ, ಯಾವುದೋ ಎಣ್ಣೆ ಕಂಪನಿ ಆಫೀಸು. ನಾನೂ ಕೇಳಿಸ್ಕೊಂಡೆ, ಸ್ಪೀಕರಲ್ಲಿ ಹಾಕಿದ್ಲು.

‘ಅಮ್ಮಾ, ಬಟ್ಟೆ ಬಣ್ಣ ಮಿಸ್ ಆಯ್ತು ಅಂತ ಇಷ್ಟು ವರಿನಾ? ಅಪ್ಪ ಲಾಸ್ಟ್ ಮಂತ್ ಒಬ್ರೇ ಡ್ರೈವ್ ಮಾಡ್ಕೊಂಡು ನಮ್ಮನೆಗೆ ಬಂದ್ರಲ್ಲ. ಹೀ ಇಸ್ ಫೈನ್.’

ಸಮಾಧಾನಕ್ಕೆ ಹೇಳ್ದ ಹುಡುಗ. ಇವಳು ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಹ್ಯೂಸ್ಟನ್ನಿಗೆ! ಒಬ್ರೇ! ಈ ಕಣ್ಣಲ್ಲಿ!

‘ನೇರವಾಗಿ ಹೇಳೇ ಅವರಿಗೆ’ ಅಂದೆ.

‘ಹೇಳಿದ್ರೆ ಆಸ್ಟಿನ್ ಕೂಟಕ್ಕೂ ನನ್ನ ಬಿಟ್ಟು ಒಬ್ರೇ ಹೋಗ್ತಾರೆ. ನಿಧಾನ ಓಡಿಸಿ ಅಂತ ಒಂದ್ಸಲ ಅಂದಿದ್ದಕ್ಕೇ ನನ್ನ ಮನೇಲಿ ಕೂರಿಸಿ ಹೋಗಿದ್ರು. ಪಕ್ಕದಲ್ಲಿ ಕೂತಿರ್ತೀನಿ ಅಕ್ಕ. ಏನಾದ್ರೂ ಆದ್ರೆ ಇಬ್ರಿಗೂ ಆಗ್ಲಿ.’

ಇಂಥಾ ಮಾತು ಕೇಳಿ ಯಾರು ಸುಮ್ನಿರ್ತಾರೆ? ನಾನೂ ಬರ್ತೀನಿ ಅಂದೆ. ನಿಮ್ಮಮ್ಮನಿಗೆ ಏನೂ ಹೇಳ್ಲಿಲ್ಲ, ಬರೀ ಆಸ್ಟಿನ್ ನೋಡ್ಕೊಂಡು ಬರ್ತೀನಿ ಅಂದೆ. ಅವಳು ನನಗೆ ಸ್ವೆಟರ್ ಕೊಟ್ಟು ಕಳಿಸಿದ್ಲು, ಪಾಪ. ಇದನ್ನ ಬರೀಬೇಡ.

ನಿನ್ನೆ ಕೂಟಕ್ಕೆ ಹೊರಡೋ ಮುಂಚೆ ನಾವಿಬ್ರೂ ಮಾಡ್ಕೊಂಡ ಒಪ್ಪಂದ ಏನಂದ್ರೆ, ಅಹಲ್ಯಾ ಮುಂದೆ ಕೂತು ಬಲಗಡೆ ನೋಡೋದು, ನಾನು ಹಿಂದೆ ಕೂತು ಎಡಗಡೆ ನೋಡೋದು. ಏನಾದ್ರೂ ಹತ್ರ ಬಂದ್ರೆ ಹೆದರಿದ ಹಾಗೆ ಕಾಣಬಾರದು, ಅಂದ ನೋಡಿದ ಹಾಗೆ ಹೇಳ್ಬೇಕು. ಹಾಗೇ ಶುರು ಮಾಡಿದ್ವಿ. ‘ಅಬ್ಬಾ, ಬಲಗಡೆ ಎಷ್ಟು ಚೆಂದದ ಕೆಂಪು ಕಾರು ನೋಡ್ರೀ!’ ‘ಡಾಕ್ಟ್ರೇ, ಎಡಗಡೆ ಲಾರಿ ಬಂತು, ಎಷ್ಟೊಂದು ಗಾಲಿ!’ ಡಾಲಸ್ ದಾಟೋವರೆಗೂ ನಡೀತು.

‘ಏನಿವತ್ತು?’ ಅಂದ್ರು ಡಾಕ್ಟ್ರು. ‘ಇಬ್ರೂ ಲಾರಿ ಕೊಂಡ್ಕೊಳ್ಳೋಕೆ ಹೊರಟಿದ್ದೀರಾ?’

‘ನಮ್ಮ ಕಾಲಕ್ಕೆ ಇಷ್ಟು ದೊಡ್ಡವಿರ್ಲಿಲ್ಲ’ ಅಂದೆ ನಾನು. ಬೆನ್ನೆಲ್ಲಾ ಬೆವರಿತ್ತು ನನಗೆ, ಎಸಿ ಇದ್ರೂನೂ. ಐ ತರ್ಟಿಫೈವ್ ಹೈವೇ ನಿನಗೆ ಗೊತ್ತಲ್ಲ, ಎಲ್ಲಿ ನೋಡಿದ್ರೂ ಅಗೆದಿರ್ತಾರೆ, ರಸ್ತೆ ಇದ್ದಕ್ಕಿದ್ದಂಗೆ ಕಿರಿದಾಗತ್ತೆ, ಎರಡೂ ಕಡೆ ಸಿಮೆಂಟ್ ಗೋಡೆ. ಅವರು ತಲೆ ನೆಟ್ಟಗೆ ಇಟ್ಕೊಂಡು, ಕೊಳವೆಯೊಳಗೆ ನೋಡೋ ಹಾಗೆ ಮುಂದೆ ಮಾತ್ರ ನೋಡ್ತಿದ್ರು. ಪಕ್ಕಕ್ಕೆ ಒಂದ್ಸಲನೂ ಇಲ್ಲ. ಬಾಯಲ್ಲಿ ಮಾತ್ರ ಕ್ಯಾಮೆರಾನ್, ಡಗ್ಲಸ್, ಸ್ಟುವರ್ಟ್ ಅಂತ ಚೌಕಳಿ ಪುರಾಣ.

ಸ್ವಲ್ಪ ಹೊತ್ತು ರಸ್ತೆ ಖಾಲಿ ಇತ್ತು. ಸುಳ್ಳು ಹೇಳಲ್ಲ, ಒಂಚೂರು ಕಣ್ಣು ಎಳೀತು ನನಗೆ. ಬಿಟ್ಟು ನೋಡ್ತೀನಿ, ಕಾರು ಎಡಕ್ಕೆ ಜಾರ್ತಿದೆ. ಕಿಟಕಿ ತುಂಬಾ ಲಾರಿ. ಆಕಾಶವೇ ಇಲ್ಲ, ಬರೀ ಲಾರಿ, ಅದರ ಗಾಲಿಯ ಬೋಲ್ಟ್ ಕಾಣ್ತಿದೆ. ಅಂದ ಗಿಂದ ಎಲ್ಲಾ ಮರೆತು ಕಿರುಚ್ದೆ, ‘ಡಾಕ್ಟ್ರೇ, ಲಾರಿ! ಲಾರಿ!’ ಅದು ಹಾರ್ನ್ ಹೊಡೀತು ನೋಡು, ಎದೆಗೂಡೇ ಅದುರಿಹೋಯ್ತು. ಅಹಲ್ಯಾ ಸ್ಟಿಯರಿಂಗ್‌ಗೆ ಕೈ ಹಾಕಿದ್ಲು. ಕಾರು ಹಾವಿನ ಹಾಗೆ ಒಂದ್ಸಲ ಹೊರಳಿ, ನೆಟ್ಟಗಾಯ್ತು. ಲಾರಿ ಹೋಯ್ತು.

‘ನೋಡಿದ್ದೆ, ನೋಡಿದ್ದೆ’ ಅಂದ್ರು ಡಾಕ್ಟ್ರು. ಅವರ ಕಿವಿ ಬೆಳ್ಳಗಾಗಿತ್ತು.

ಆಮೇಲೆ ಅಹಲ್ಯಾ, ತುಂಬಾ ಮೆತ್ತಗೆ, ‘ರೀ, ನನಗೆ ಅರ್ಜೆಂಟಾಗಿದೆ. ಮುಂದಿನ ಎಗ್ಸಿಟ್ ತಗೊಳ್ಳಿ’ ಅಂದ್ಲು. ಒಂದು ಬೇಕರಿ ಮುಂದೆ ನಿಲ್ಲಿಸಿದ್ರು. ಇಂಜಿನ್ ಆಫ್ ಆಯ್ತು. ಅವಳು ಇಳೀಲಿಲ್ಲ. ಬಿಲ್ಲೆ ಡಬ್ಬ ಅವಳ ತೊಡೆ ಮೇಲೇ ಇತ್ತು, ಮುಚ್ಚಳ ತೆಗೆದು ಒಂದನ್ನ ಅವರ ಕೈಗಿಟ್ಲು.

‘ಇದು ಯಾವುದು ಹೇಳಿ.’

ಅವರು ಹೆಬ್ಬೆಟ್ಟು ಆಡಿಸಿದ್ರು. ‘ಗಾರ್ಡನ್. ಈಗ್ಯಾಕೆ?’

‘ಹಿಂದಿನ ಎಳೆ ಯಾವ ಬಣ್ಣ?’

‘ಹಳದಿ ಕಣೇ. ಗಾರ್ಡನ್ ಅಂದ್ಮೇಲೆ ಹಳದಿ.’

‘ಗಾರ್ಡನ್ ಅಂತ ಹೇಳ್ಬೇಡಿ. ನೋಡಿ ಹೇಳಿ.’

ಅವರು ಬಿಲ್ಲೆನ ಗಾಜಿನ ಹತ್ರ ಹಿಡಿದ್ರು. ಕೋಳಿ ನೋಡೋ ಹಾಗೆ ಕತ್ತು ಒಂದು ಪಕ್ಕಕ್ಕೆ ಓರೆ ಮಾಡಿದ್ರು, ಆಮೇಲೆ ಇನ್ನೊಂದು ಪಕ್ಕಕ್ಕೆ. ಕಣ್ಣಿನ ಹತ್ರ ತಂದ್ರು, ದೂರ ಹಿಡಿದ್ರು. ನಾನು ಹಿಂದೆ ಕೂತು ಸ್ವೆಟರಿನ ಗುಂಡಿ ತಿರುವ್ತಿದ್ದೆ. ಏನಾದ್ರೂ ಒಂದು ಹೇಳ್ಬಿಡ್ಲಿ ದೇವರೇ ಅನ್ನಿಸ್ತು.

‘ಬಿಳಿ, ಕೆಂಪು’ ಅಂದ್ಲು ಅಹಲ್ಯಾ. ‘ನಾನೇ ತಪ್ಪು ಸಿಕ್ಕಿಸಿದ್ದು. ಹಬ್ಬದ ದಿನ ಎಲ್ಲಾ ತೊಳೆದೆ, ಉಜ್ಜಿದೆ, ಮಸಿ ಬಳಿದೆ. ಯಾವುದನ್ನೂ ನೀವು ನೋಡ್ಲಿಲ್ಲ.’

ಬೈತಾರೆ ಅಂದ್ಕೊಂಡೆ. ಬೈಲಿಲ್ಲ ಕಣೇ. ಬಿಲ್ಲೆನ ಮಡಿಲಲ್ಲಿ ಇಟ್ಕೊಂಡು, ‘ಹಬ್ಬದ ದಿನದಿಂದ ಗೊತ್ತಾ ನಿನಗೆ?’ ಅಂದ್ರು.

‘ಹೂಂ.’

‘ಗೊತ್ತಿದ್ದೂ ಕಾರು ಹತ್ತಿದ್ಯಲ್ಲೇ!’

‘ನೀವೊಬ್ರೇ ಹೋಗ್ತೀರಲ್ಲ.’

ಆ ಮನುಷ್ಯ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡ್ಕೊಂಡ್ರು, ನಿಂತಿರೋ ಕಾರಿಂದು. ‘ಹೆದರಿಕೆ ಅಹಲ್ಯಾ. ಎಳೆಗಳು ಹೋಗಿ ತುಂಬಾ ದಿನ ಆಯ್ತು. ಪಕ್ಕದಲ್ಲೂ ಮಬ್ಬು. ಡಾಕ್ಟರ್ ಹತ್ರ ಹೋದ್ರೆ ಅದಕ್ಕೊಂದು ಹೆಸರು ಹೇಳ್ತಾರೆ. ಪೊರೆ ಅಂದ್ರೆ ತೆಗೆಸ್ಬಹುದು. ಇನ್ನೊಂದು ಇದೆ ನೋಡು, ಹೋದದ್ದು ತಿರುಗಿ ಬರೋದೇ ಇಲ್ಲ. ಆ ಹೆಸರು ಹೇಳಿದ್ರೆ? ಎಷ್ಟು ಜನಕ್ಕೆ ಹೆದರ್ಬೇಡಿ ಅಂತ ಹೇಳಿ ಸೂಜಿ ಚುಚ್ಚಿದ್ದೀನಿ. ನನಗೆ ನಾನೇ ಹೇಳ್ಕೊಳ್ಳೋಕಾಗ್ತಿಲ್ಲ.’

ಅಹಲ್ಯಾ ಅತ್ಲು. ನಾನೂ ಅತ್ತೆ. ಅವರು ಇಳಿದು ಬಂದು, ಅವಳ ಕಡೆ ಬಾಗಿಲು ತೆಗೆದು, ‘ಆ ಕಡೆ ಹೋಗು, ನೀನೇ ಓಡಿಸು’ ಅಂದ್ರು.

ಹೆದರಿಕೆ ಮುಗೀತು ಅಂದ್ಕೊಂಡ್ಯಾ? ಆಗ ಶುರುವಾಯ್ತು. ಆ ಹೆಂಗಸು ಕಾರು ಓಡಿಸೋದು ದೇವಸ್ಥಾನಕ್ಕೆ, ಇಂಡಿಯನ್ ಅಂಗಡಿಗೆ. ಹೈವೇಗೆ ಟೈರ್ ಇಟ್ಟವಳಲ್ಲ. ಆಸ್ಟಿನ್ನಿಗೆ ಹೋಗೋದು ಬಿಟ್ಟು ಮನೆ ಕಡೆ ತಿರುಗಿಸಿದ್ಲು. ಹೈವೇ ಪಕ್ಕದ ರಸ್ತೇಲಿ ಆಮೆ ಥರ ಹೊರಟ್ವಿ, ಹಿಂದೆ ಬರೋರೆಲ್ಲಾ ಹಾರ್ನ್ ಹೊಡೆಯೋರು, ಒಬ್ಬ ಪಿಕಪ್‌ನೋನು ಕೈ ಹೊರಗೆ ಹಾಕಿ ಏನೋ ತೋರ್ಸಿದ. ‘ಆಶೀರ್ವಾದ ಮಾಡಿದ ಬಿಡೇ’ ಅಂದೆ. ಅವಳ ಹಲ್ಲು ಕಚ್ಕೊಂಡೇ ಇತ್ತು. ಡಾಕ್ಟ್ರು ಪಕ್ಕದಲ್ಲಿ ಕೂತು, ಆಪರೇಶನ್ ರೂಮಲ್ಲಿ ಹೇಳೋ ಹಾಗೆ, ‘ಉಸಿರು ಒಳಗೆ ತಗೋ. ನಿಧಾನಕ್ಕೆ ಬಿಡು. ನಾನಿಲ್ಲೇ ಇದ್ದೀನಿ’ ಅಂತಿದ್ರು. ಎಡಗಡೆ ನಾನು ನೋಡ್ತಿದ್ದೆ. ಬಲಗಡೆ ಯಾರು ನೋಡ್ತಿದ್ರು ಅಂತ ಯೋಚ್ನೆ ಮಾಡ್ಬಾರ್ದು ಅಂತ ಮಾಡ್ಲಿಲ್ಲ. ಮನೆ ಮುಟ್ಟೋ ಹೊತ್ತಿಗೆ ಅವಳ ಬೆರಳುಗಳನ್ನ ಸ್ಟಿಯರಿಂಗಿಂದ ಬಿಡಿಸ್ಬೇಕಾಯ್ತು.

ಡಾಕ್ಟ್ರೇ ತಮ್ಮ ಪರ್ಸಿಂದ ಲೈಸನ್ಸು ತೆಗೆದು ಅವಳಿಗೆ ಕೊಟ್ರು, ಕಾರಿನ ಕೀನೂ ನೀನೇ ಇಟ್ಕೋ ಅಂದ್ರು. ಗುರುವಾರಕ್ಕೆ ಕಣ್ಣಿನ ಡಾಕ್ಟರ್ ಹತ್ರ ಟೈಮ್ ತಗೊಂಡ್ಲು. ನಿಖಿಲ್ ಬರ್ತೀನಿ ಅಂದಿದ್ದಾನೆ, ಈಗ ಅವನ ದನಿಯೂ ಸಣ್ಣಗಾಗಿದೆಯಂತೆ. ನಾನು ಬಂದು ಮಲಗ್ದೆ. ಕಣ್ಣು ಮುಚ್ಚಿದ್ರೆ ಆ ಲಾರಿಯ ಬೋಲ್ಟು.

ಈಗ ಸ್ವಲ್ಪ ಮುಂಚೆ ಅಹಲ್ಯಾ ಫೋನ್ ಮಾಡಿದ್ಲು, ಅದಕ್ಕೇ ನಾನು ಹೀಗೆ ನಡುಗ್ತಿರೋದು. ಅವಳು ಸ್ನಾನ ಮಾಡಿ ಬರೋ ಅಷ್ಟರಲ್ಲಿ ಡಾಕ್ಟ್ರು ಕಾರಲ್ಲಿ ಹೋಗಿ ಹಾಲು ತಂದಿದ್ದಾರೆ! ‘ಮೂಲೆ ಅಂಗಡಿ ತಾನೆ, ದಾರಿ ಕಾಲಿಗೇ ಗೊತ್ತು’ ಅಂತ ನಗ್ತಾರಂತೆ. ಅವಳ ಹತ್ರ ಇರೋದಲ್ದೆ ಇನ್ನೊಂದು ಕೀ ಎಲ್ಲೋ ಇಟ್ಕೊಂಡಿದ್ದಾರೆ. ಮೂಲೆ ಅಂಗಡಿ ದಾರೀಲೇ ಸ್ಕೂಲಿದೆ ಕಣೇ, ಮಕ್ಕಳು ಸೈಕಲ್ ಹತ್ಕೊಂಡು ಬರ್ತಾವೆ. ಗುರುವಾರ ದೂರ ಇದೆ. ಅವಳು ಕೇಳಿದ್ರೆ ನಗೆಯಲ್ಲಿ ತೇಲಿಸ್ತಾರೆ, ನಾನು ಕೇಳಿದ್ರೆ ಕಾಫಿ ಕೊಟ್ಟು ಕಳಿಸ್ತಾರೆ. ನೀನಾದ್ರೆ ಬೇರೆ. ನಿನಗೆ ಡ್ರೈವಿಂಗ್ ಕಲಿಸಿದ್ದೇ ಅವರು. ನೀನು ಮುಂದೆ ನಿಂತು ಕೈ ಚಾಚಿದ್ರೆ ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರಲ್ಲ.

ರಿಚರ್ಡ್‌ಸನ್ನಲ್ಲಿರೋ ನಿನ್ನ ಕಾಲೇಜಿಗೆ ಆಮೇಲೆ ಹೋಗುವೆಯಂತೆ. ಫೋನ್ ಆಫ್ ಮಾಡು, ಶೂ ಹಾಕ್ಕೋ, ಈಗ್ಲೇ ಹಿಂದಿನ ಬೀದಿಗೆ ಹೋಗು. ಇಂಗ್ಲಿಷಲ್ಲಿ ಬೇಡ, ಕನ್ನಡದಲ್ಲೇ ಕೇಳು, ‘ಅಂಕಲ್, ಆ ಇನ್ನೊಂದು ಕೀ ಕೊಡಿ’ ಅಂತ. ಕೊಡೋವರೆಗೂ ಅಲ್ಲೇ ಕೂತಿರು, ಇಸ್ಕೊಂಡು ನನ್ನ ಕೈಗೆ ತಂದ್ಕೊಡು.